ಸಿಂದಗಿಯ ಬಡತನವನ್ನು ಅಳೆದ ಬಗೆ

ವಿಜಯಪುರದಿಂದ ಕಲಬುರ್ಗಿಗೆ ಹೋಗುವ ಹೆದ್ದಾರಿಯ ಮೇಲಿರುವ ಸಿಂದಗಿ ಬಿಳಿಜೋಳ, ತೊಗರಿ ಬೆಳೆಯುವ ಎರೆಭೂಮಿಯ ನಾಡು. ಭೀಮಾನದಿ ಸಮೀಪದಲ್ಲೇ ಹರಿದಿದ್ದರೂ ಮಳೆ ಕೈಕೊಟ್ಟ ವರ್ಷ ಇಲ್ಲಿಯ ಕುಟುಂಬಗಳು ಮಕ್ಕಳುಮರಿಗಳೊಡನೆ ಗುಳೆ ಹೋಗುವುದು ತಪ್ಪಿಲ್ಲ. ಈ ಸಂಕಟವನ್ನು ನಾವೆಲ್ಲ ಬಲ್ಲೆವು. ಆದರೆ ಬಲ್ಲೆವೆಂದ ಮಾತ್ರಕ್ಕೆ ಸರ್ಕಾರದ ಬೊಕ್ಕಸ ತೆರೆಯದು. ಅಳೆದು, ಲೆಕ್ಕವಿಟ್ಟು, ಇತರ ತಾಲ್ಲೂಕುಗಳೊಡನೆ ಹೋಲಿಸಿ ತೋರಿಸಬೇಕಾಗುತ್ತದೆ. ಅಭಿವೃದ್ಧಿ ಸಂಶೋಧನಾ ಕೇಂದ್ರಗಳ ಕಾರ್ಯವೇ ಅದು.

ನಮ್ಮ ನಾಡಿನಲ್ಲಿ ಇಂಥ ಕಾರ್ಯಕ್ಕೆ ಹೆಸರಾದುದು ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ. ಡಾ. ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಸ್ಥಾಪಿಸಿದ ಈ ಸಂಸ್ಥೆಯಲ್ಲಿ ನಗರಗಳ ಸಮಸ್ಯೆಗಳನ್ನೂ ಗ್ರಾಮಾಡಳಿತವನ್ನೂ ಅಭ್ಯಸಿಸುವ ವಿಭಾಗಗಳಿವೆ. ಧಾರವಾಡದಲ್ಲಿಯೂ ಬಹುಶಾಸ್ತ್ರೀಯ ಅಭಿವೃದ್ಧಿ ಸಂಶೋಧನಾ ಕೇಂದ್ರವಿದೆ.

ಆದರೆ ಸಿಂದಗಿಯ ಪಾಲಿಗೆ ಮುಖ್ಯವಾದ ಅಧ್ಯಯನ ಡಾ. ಡಿ.ಎಂ. ನಂಜುಂಡಪ್ಪನವರದು. ಕರ್ನಾಟಕ ಹಾಗೂ ಬೆಂಗಳೂರು ವಿಶ್ವವಿದ್ಯಾಲಯಗಳ ಕುಲಪತಿಗಳಾಗಿದ್ದ ಈ ಅರ್ಥಶಾಸ್ತ್ರಜ್ಞರ ಅಧ್ಯಕ್ಷತೆಯ ಸಮಿತಿಯು 2002ರಲ್ಲಿ ವರದಿ ಸಲ್ಲಿಸಿತು. ಕೃಷಿ, ಕೈಗಾರಿಕೆ, ಶಿಕ್ಷಣ, ಆರೋಗ್ಯ, ರಸ್ತೆ ಮೊದಲಾದವುಗಳ 35 ಸೂಚಕಗಳನ್ನು ಕೂಡಿಸಿ, ರಾಜ್ಯದ ಸರಾಸರಿಯನ್ನು 1 ಎಂದಿಟ್ಟು, ಅದಕ್ಕಿಂತ ಕೆಳಗಿರುವವು ಹಿಂದುಳಿದ ತಾಲ್ಲೂಕುಗಳೆಂದು ಎಣಿಸಿದರು. ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಜಿಲ್ಲೆಯ ಅಂದಿನ ಐದು ತಾಲ್ಲೂಕುಗಳಲ್ಲಿ ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಈ ನಾಲ್ಕೂ ಈ ಕಡೆಯ ಪಟ್ಟಿಗೆ ಸೇರಿದವು. ಅಣ್ಣನವರು ಹುಟ್ಟಿದ ನೆಲವೂ ಅದರಲ್ಲಿತ್ತೆಂಬುದು ಯಾರಿಗಾದರೂ ನೋವಿನ ಸಂಗತಿಯೇ. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಗಳ ವಿಶೇಷ ಯೋಜನೆಯನ್ನು ಸಮಿತಿ ಸೂಚಿಸಿತು. ಅದು ಕಾರ್ಯಗತವಾಗತೊಡಗಿದ್ದು 2007-08ರಿಂದ.

ಈ ಅಳತೆಗೂ ಒಂದು ಮಿತಿಯುಂಟು. ತಾಲ್ಲೂಕಿನ ಸರಾಸರಿಯಲ್ಲಿ ಭೀಮೆಯ ದಂಡೆಯ ಕಬ್ಬಿನ ಗದ್ದೆಯೂ ದೂರದ ಒಣಬೇಸಾಯದ ಹೊಲವೂ ಒಂದೇ ಅಂಕಿಯಲ್ಲಿ ಕರಗಿಹೋಗುತ್ತವೆ. ಮೇಲಾಗಿ ಸಿಂದಗಿಯಿಂದ ದೇವರಹಿಪ್ಪರಗಿ, ಆಲಮೇಲಗಳು ಬೇರೆಯಾಗಿ ತಾಲ್ಲೂಕುಗಳಾದವು. ಹಳೆಯ ಪಟ್ಟಿಯಲ್ಲಿ ಅವುಗಳ ಹೆಸರೇ ಇಲ್ಲ. ತಂದೆಯ ಸಾಲದ ಚೀಟಿಯನ್ನು ಪಾಲಾದ ಮಕ್ಕಳಿಗೆ ಹಂಚಿದಂತೆ ಹಳೆಯ ಅಂಕಿಯನ್ನೇ ಇವಕ್ಕೂ ಅನ್ವಯಿಸುವುದು ನ್ಯಾಯವೆನಿಸದು. ಪ್ರಾದೇಶಿಕ ಅಸಮತೋಲನದ ಮರು ಅಧ್ಯಯನಕ್ಕಾಗಿ ಸರ್ಕಾರ 2024ರಲ್ಲಿ ಪ್ರೊ. ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿಯನ್ನು ರಚಿಸಿತು.

ಸಂಶೋಧನೆ ಮತ್ತು ಲೋಕಹಿತಗಳು ಒಂದೇ ಕೈಯಿಂದ ನಡೆದ ಉದಾಹರಣೆ ನಮ್ಮ ಜಿಲ್ಲೆಗೆ ಹೊಸದಲ್ಲ. ವಚನಗಳ ತಾಳೆಗರಿಗಳನ್ನು ಅರಸಿ ತಿರುಗಿದ ಫ.ಗು. ಹಳಕಟ್ಟಿಯವರೇ 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಗೂ 1912ರಲ್ಲಿ ಸಿದ್ಧೇಶ್ವರ ಬ್ಯಾಂಕಿಗೂ ಕಾರಣರಾದರು. ಇಂದು ವಿಜಯಪುರದಲ್ಲಿ 2003ರಲ್ಲಿ ಆರಂಭವಾದ ಮಹಿಳಾ ವಿಶ್ವವಿದ್ಯಾಲಯವಿದೆ. ಈಗ ಅದಕ್ಕೆ ಅಕ್ಕಮಹಾದೇವಿಯವರ ಹೆಸರಿದೆ. ಅಲ್ಲಿ ಓದುವ ನಮ್ಮ ಹೆಣ್ಣುಮಕ್ಕಳು ತಮ್ಮ ತಮ್ಮ ಊರಿನಲ್ಲಿ ಎಷ್ಟು ಮನೆಗಳು ಗುಳೆ ಹೋದವು, ಎಷ್ಟು ಮಕ್ಕಳು ನಡುವೆಯೇ ಶಾಲೆ ಬಿಟ್ಟರು, ಬೇಸಿಗೆಯಲ್ಲಿ ನೀರು ಎಷ್ಟು ದೂರ ಎಂಬುದನ್ನು ಬರೆದಿಟ್ಟರೆ, ತಾಲ್ಲೂಕಿನ ಸರಾಸರಿ ಮರೆಮಾಡಿದ ಹಳ್ಳಿಗಳು ಕಾಣತೊಡಗುತ್ತವೆ. ಆ ಬರಹ ಕನ್ನಡದಲ್ಲಿರಲಿ, ಅದರ ಒಂದು ಪ್ರತಿ ಗ್ರಾಮ ಪಂಚಾಯಿತಿಯಲ್ಲಿಯೂ ಇರಲಿ.