ಚಿಕಿತ್ಸೆ ಉಚಿತ, ಆದರೂ ಸಾಲ ಏಕೆ?

ಕ್ಯಾನ್ಸರ್ ಬಂದ ಮನೆಗೆ ಸಾಲವೂ ಬರುತ್ತದೆ ಎಂಬುದು ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ಸರ್ಕಾರದ ಯೋಜನೆಯಲ್ಲಿ ಉಚಿತ ಚಿಕಿತ್ಸೆ ಸಿಗುವಾಗಲೂ ಸಾಲ ಏಕೆ ಆಗುತ್ತದೆ? ಹಾವೇರಿ ಜಿಲ್ಲೆಯ ಹಳ್ಳಿಯೊಂದರಿಂದ ಕಾಲೇಜಿಗೆ ಬರುವ ನನಗೆ ಈ ಪ್ರಶ್ನೆ ಬಹಳ ದಿನಗಳಿಂದ ಕಾಡುತ್ತಿತ್ತು. ನಾನು ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ನಮ್ಮ ರಾಜ್ಯದಲ್ಲಿ 2018ರಿಂದ ‘ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ’ ಯೋಜನೆ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬವಾದರೆ ನಿಗದಿತ ದರದ ಶೇ. 30ರಷ್ಟನ್ನು ಮಾತ್ರ ಸರ್ಕಾರ ಭರಿಸುತ್ತದೆ. ಶಸ್ತ್ರಚಿಕಿತ್ಸೆ, ಕೀಮೋಥೆರಪಿ, ರೇಡಿಯೋಥೆರಪಿ ಮೂರೂ ಇದರಲ್ಲಿ ಸೇರಿವೆ. ಹಾಗಾದರೆ ಹಣ ಖರ್ಚಾಗುವುದು ಎಲ್ಲಿ?

ಮೊದಲನೆಯದು, ರೋಗ ಪತ್ತೆಯಾಗುವ ಮುಂಚಿನ ಖರ್ಚು. ನಮ್ಮ ಓಣಿಯ ಚಾಚಾ ಒಬ್ಬರು ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ ಕೆಲಸ ಮಾಡುತ್ತಿದ್ದರು. ಬಾಯಿಯ ಹುಣ್ಣಿಗೆ ಅವರು ತಿಂಗಳುಗಟ್ಟಲೆ ಮುಲಾಮು ಹಚ್ಚಿದರು. ಆಮೇಲೆ ಖಾಸಗಿಯಾಗಿ ಸ್ಕ್ಯಾನಿಂಗ್, ಬಯಾಪ್ಸಿ ಎಂದು ಓಡಾಡಿದರು. ಯೋಜನೆಯ ಬಾಗಿಲು ತಲುಪುವ ಹೊತ್ತಿಗೆ ಚಾಚಿಯ ಬಳೆ ಅಡವಿಗೆ ಹೋಗಿತ್ತು. ಹೀಗೆ ಮೊದಲೇ ಕೈಯಿಂದ ಕೊಟ್ಟ ಹಣವನ್ನು ಯೋಜನೆ ಹಿಂದಿರುಗಿಸುವುದಿಲ್ಲ.

ಎರಡನೆಯದು, ದೂರ. ಸ್ವಾತಂತ್ರ್ಯ ಹೋರಾಟಗಾರ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರಿನಲ್ಲಿ 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಆಸ್ಪತ್ರೆ ಇರುವುದು ಬೆಂಗಳೂರಿನಲ್ಲಿ. ನಮಗೆ ಅದು 300 ಕಿ.ಮೀ.ಗಿಂತ ದೂರ. ಕೀಮೋಥೆರಪಿಗೆ ಹಲವರು ಮೂರು ವಾರಗಳಿಗೊಮ್ಮೆ ಹೋಗಬೇಕು. ರೇಡಿಯೋಥೆರಪಿ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಐದಾರು ವಾರ ನಡೆಯುತ್ತದೆ. ಅಷ್ಟು ದಿನ ಅಲ್ಲೇ ಉಳಿಯಬೇಕು.

ಮೂರನೆಯದು, ತಪ್ಪಿದ ಕೂಲಿ. ಇದಕ್ಕೆ ಯಾರೂ ಬಿಲ್ ಕೊಡುವುದಿಲ್ಲ, ಆದ್ದರಿಂದ ಲೆಕ್ಕಕ್ಕೂ ಬರುವುದಿಲ್ಲ. ದಿನಕ್ಕೆ 500 ರೂಪಾಯಿ ಕೂಲಿ ಎಂದು ಹಿಡಿಯೋಣ. ಆರು ವಾರದಲ್ಲಿ 36 ಕೆಲಸದ ದಿನಗಳು. ರೋಗಿ ಮತ್ತು ಜೊತೆಗಿರುವವರು, ಇಬ್ಬರ ಕೂಲಿ ಸೇರಿ 36,000 ರೂಪಾಯಿ ಹೋಯಿತು. ಇಬ್ಬರ ಊಟ, ವಸತಿಗೆ ದಿನಕ್ಕೆ 300 ರೂಪಾಯಿಯಂತೆ 42 ದಿನಕ್ಕೆ 12,600. ಒಟ್ಟು 48,600 ರೂಪಾಯಿ. ಆಸ್ಪತ್ರೆಗೆ ಒಂದು ರೂಪಾಯಿ ಕಟ್ಟದಿದ್ದರೂ ಇಷ್ಟು ಸಾಲ! ಇದನ್ನು ಹೊಂದಿಸಲಾಗದೆ ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ರೋಗ ಮರಳುವ ಅಪಾಯ ಹೆಚ್ಚುತ್ತದೆ.

ಯಾರಿಗಾದರೂ ಕಾಯಿಲೆ ಎಂದರೆ ನಮ್ಮ ಮೊಹಲ್ಲಾದವರು ಚಂದಾ ಕೂಡಿಸುತ್ತಾರೆ, ಝಕಾತ್ ಹಣವನ್ನೂ ಕೊಡುತ್ತಾರೆ. ‘ಆಪರೇಷನ್‌ಗೆ’ ಎಂದೇ ಕೊಡುವುದು ರೂಢಿ. ಆದರೆ ಬಿಪಿಎಲ್ ಕಾರ್ಡ್ ಇದ್ದವರ ಆಪರೇಷನ್ ಖರ್ಚನ್ನು ಯೋಜನೆಯೇ ನೋಡಿಕೊಳ್ಳುತ್ತದೆ. ಅಂಥವರಿಗೆ ಬಸ್ ಚಾರ್ಜು, ಊಟ ಮತ್ತು ಮನೆಯ ರೇಷನ್ನಿಗೆ ಪ್ರತಿ ತಿಂಗಳು ಸ್ವಲ್ಪ ಸ್ವಲ್ಪ ಕೊಟ್ಟರೆ ಹೆಚ್ಚು ಉಪಯೋಗ ಎಂದು ನನಗನಿಸುತ್ತದೆ.

ಕೆಲವು ಸೌಲಭ್ಯಗಳು ಇದ್ದರೂ ಬಹಳ ಜನರಿಗೆ ಗೊತ್ತಿಲ್ಲ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಬೋಗಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವ ಒಬ್ಬರಿಗೆ ಶೇ. 75 ರಿಯಾಯಿತಿ ಇದೆ. ಇದಕ್ಕೆ ವೈದ್ಯರ ಪ್ರಮಾಣಪತ್ರ ಬೇಕು. ಕಿದ್ವಾಯಿ ಆವರಣದಲ್ಲಿ ಧರ್ಮಶಾಲೆ ಇದೆ. 2025ರಲ್ಲಿ ರಾಜ್ಯ ಸರ್ಕಾರ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಕೀಮೋಥೆರಪಿ ಕೇಂದ್ರಗಳನ್ನು ತೆರೆಯಿತು. ಅವುಗಳಲ್ಲಿ ನಮ್ಮ ಹಾವೇರಿಯೂ ಒಂದು. ಕೈಯಿಂದ ಕೊಟ್ಟ ಹಣದ ಬಿಲ್ಲುಗಳನ್ನು ಇಟ್ಟುಕೊಂಡರೆ ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಅರ್ಜಿ ಹಾಕಬಹುದು.

ಸ್ನೇಹಿತರೇ, ನಾವು ವೈದ್ಯರಲ್ಲ, ಹಣವಂತರೂ ಅಲ್ಲ. ಆದರೆ ಅರ್ಜಿ ಓದಲು, ತುಂಬಲು ನಮಗೆ ಬರುತ್ತದೆ. ಮನೆಯವರ ರೇಷನ್ ಕಾರ್ಡ್ ಮತ್ತು ಆಧಾರ್‌ನಲ್ಲಿ ಹೆಸರು ಒಂದೇ ರೀತಿ ಇದೆಯೇ ಎಂದು ಈ ವಾರವೇ ನೋಡಿ. ಮೂರು ವಾರವಾದರೂ ಬಾಯಿಯ ಹುಣ್ಣು ಮಾಯದವರು, ಬಾಯಿ ತೆರೆಯಲು ಕಷ್ಟಪಡುವವರು, ಮೈಯಲ್ಲಿ ಗಂಟು ಕಂಡವರು ನಿಮ್ಮ ಓಣಿಯಲ್ಲಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೇ ಕರೆದುಕೊಂಡು ಹೋಗಿ. ಅಲ್ಲಿಂದ ರೆಫರಲ್ ಪತ್ರ ಪಡೆದು ಮುಂದಿನ ಆಸ್ಪತ್ರೆಗೆ ಹೋದರೆ ಯೋಜನೆಯ ಸೌಲಭ್ಯ ಸಿಗುತ್ತದೆ. ಬೇಗ ಪತ್ತೆಯಾದರೆ ಚಿಕಿತ್ಸೆಯ ದಿನಗಳೂ ಕಡಿಮೆ, ಸಾಲವೂ ಕಡಿಮೆ.