ಜೋಡುನಳಿಗೆಯ ರೈಫಲ್ ಮತ್ತು ಅದರ ತೋಟಾ

ಹಳೆಯ ಆಯುಧವೊಂದನ್ನು ಚರಿತ್ರೆಯ ಆಕರವೆಂದು ಪರಿಶೀಲಿಸುವಾಗ ನಾವು ಸಾಮಾನ್ಯವಾಗಿ ಅದರ ತಯಾರಕನ ಹೆಸರು, ನಿರ್ಮಾಣದ ಕಾಲ, ಕೆತ್ತನೆಯ ಸೊಬಗು ಇವುಗಳನ್ನೇ ಗಮನಿಸುತ್ತೇವೆ. ಇಂಗ್ಲೆಂಡಿನಲ್ಲಿ ತಯಾರಾದ ಜೋಡುನಳಿಗೆಯ ರೈಫಲ್ಲಿನ ವಿಷಯದಲ್ಲಿ ಇಷ್ಟು ಸಾಲದು. ಅದು ತನ್ನ ತೋಟಾದಿಂದ ಬೇರ್ಪಡಿಸಿ ಅರ್ಥಮಾಡಿಕೊಳ್ಳಲಾಗದ ವಸ್ತು. ಇದರ ಕಾರಣವನ್ನೂ, ಇದರಿಂದ ಚರಿತ್ರೆಯ ವಿದ್ಯಾರ್ಥಿಗೆ ದೊರೆಯುವ ಎಚ್ಚರಿಕೆಯನ್ನೂ ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ಪಕ್ಕಪಕ್ಕದಲ್ಲಿ ಬೆಸೆದ ಎರಡು ನಳಿಗೆಗಳು ಹೊರನೋಟಕ್ಕೆ ಸಮಾನಾಂತರವಾಗಿ ತೋರಿದರೂ, ವಾಸ್ತವವಾಗಿ ಬಾಯಿಯ ಕಡೆಗೆ ಸಾಗಿದಂತೆ ಪರಸ್ಪರ ಸಮೀಪಿಸುತ್ತವೆ. ಬಲನಳಿಗೆಯು ಆಯುಧದ ಮಧ್ಯರೇಖೆಯಿಂದ ಬಲಕ್ಕಿರುವುದರಿಂದ, ಅದನ್ನು ಹಾರಿಸಿದಾಗ ಹಿನ್ನೊದೆತವು ರೈಫಲ್ಲನ್ನು ಮೇಲಕ್ಕೂ ಬಲಕ್ಕೂ ತಿರುಗಿಸುತ್ತದೆ. ಎಡನಳಿಗೆಯು ಮೇಲಕ್ಕೂ ಎಡಕ್ಕೂ ತಿರುಗಿಸುತ್ತದೆ. ಗುಂಡು ನಳಿಗೆಯನ್ನು ಬಿಟ್ಟು ಹೊರಡುವ ಮೊದಲೇ ಈ ಚಲನೆ ಆರಂಭವಾಗಿರುತ್ತದೆ. ಆದುದರಿಂದ ನಳಿಗೆಗಳನ್ನು ಒಳಮುಖವಾಗಿ ಓರೆಗೊಳಿಸಿ ಆ ತಿರುವನ್ನು ಸರಿದೂಗಿಸಬೇಕಾಗುತ್ತದೆ.

ಎಷ್ಟು ಓರೆ ಎಂಬುದನ್ನು ಲೆಕ್ಕದಿಂದಷ್ಟೇ ನಿರ್ಧರಿಸಲಾಗದು. ಕುಶಲಕರ್ಮಿಯು ಗುರಿಹಲಗೆಗೆ ಎರಡು ನಳಿಗೆಗಳನ್ನೂ ಹಾರಿಸಿ ನೋಡುತ್ತಿದ್ದನು. ಬಾಯಿಯ ಬಳಿಯ ಬೆಸುಗೆಯನ್ನು ಕಾಯಿಸಿ, ನಡುವಣ ಸಣ್ಣ ಬೆಣೆಯನ್ನು ಸರಿಸಿ, ಮತ್ತೆ ಹಾರಿಸುತ್ತಿದ್ದನು. ಎರಡು ನಳಿಗೆಗಳ ಗುಂಡುಗಳೂ ಒಂದೆಡೆ ಕೂಡುವವರೆಗೆ ಈ ಶ್ರಮ ನಡೆಯುತ್ತಿತ್ತು. ಆದರೆ ಅದು ಸಿದ್ಧಿಸುತ್ತಿದ್ದುದು ಒಂದು ನಿರ್ದಿಷ್ಟ ತೂಕದ ಗುಂಡಿಗೆ, ಒಂದು ನಿರ್ದಿಷ್ಟ ವೇಗಕ್ಕೆ ಮಾತ್ರ. ಗುಂಡು ನಿಧಾನವಾದರೆ ಅದು ನಳಿಗೆಯೊಳಗೆ ಹೆಚ್ಚು ಕಾಲ ಉಳಿಯುತ್ತದೆ, ಆಯುಧ ಹೆಚ್ಚು ತಿರುಗುತ್ತದೆ. ಬಲನಳಿಗೆಯ ಗುಂಡು ಬಲಕ್ಕೂ ಎಡನಳಿಗೆಯದು ಎಡಕ್ಕೂ ಅಗಲುತ್ತವೆ. ವೇಗ ಅತಿಯಾದರೆ ತಿರುವು ಪೂರ್ಣವಾಗುವ ಮುನ್ನವೇ ಗುಂಡು ಹೊರಟು, ಎರಡರ ಹಾದಿಗಳೂ ಒಂದನ್ನೊಂದು ದಾಟುತ್ತವೆ.

೧೮೯೮ರಲ್ಲಿ ಜಾನ್ ರಿಗ್ಬಿ ಸಂಸ್ಥೆಯು ಬಳಕೆಗೆ ತಂದ .೪೫೦ ನೈಟ್ರೋ ಎಕ್ಸ್‌ಪ್ರೆಸ್ ತೋಟಾದಲ್ಲಿ ೭೦ ಗ್ರೇನ್ ಕಾರ್ಡೈಟ್ ಮದ್ದು ೪೮೦ ಗ್ರೇನ್ ಗುಂಡನ್ನು ಸೆಕೆಂಡಿಗೆ ಸುಮಾರು ೨೧೫೦ ಅಡಿ ವೇಗದಿಂದ ದೂಡುತ್ತಿತ್ತು. ಈ ಕಾಲದ ರೈಫಲ್ಲುಗಳ ನಳಿಗೆಯ ಅಡಿಭಾಗದಲ್ಲಿ ಮದ್ದಿನ ಮತ್ತು ಗುಂಡಿನ ಗರಿಷ್ಠ ತೂಕಗಳನ್ನು ಮುದ್ರೆಯೊತ್ತಿರುವುದುಂಟು. ಈ ಮುದ್ರೆಯನ್ನು ಆಯುಧದ ಶಾಸನವೆಂದೇ ನಾವು ಓದಬೇಕು. ಕಾರ್ಡೈಟಿಗೆ ಮತ್ತೊಂದು ಗುಣವಿತ್ತು: ಶಾಖ ಏರಿದಂತೆ ಅದರ ಒತ್ತಡವೂ ಏರುತ್ತಿತ್ತು. ಆದುದರಿಂದಲೇ ಭಾರತದಂತಹ ಉಷ್ಣದೇಶಗಳಿಗೆಂದು ಮದ್ದನ್ನು ತುಸು ತಗ್ಗಿಸಿದ ತೋಟಾಗಳು ಬಂದವು. ಹೀಗೆ ನಮ್ಮ ಬೇಸಿಗೆಯೂ ಇಂಗ್ಲೆಂಡಿನ ಕಾರ್ಖಾನೆಯ ಲೆಕ್ಕದೊಳಗೆ ಸೇರಿತು.

ರಾಜಕೀಯವೂ ಈ ಲೆಕ್ಕದಲ್ಲಿ ಕೈಹಾಕಿತು. ಸೈನ್ಯದ ಮಾರ್ಟಿನಿ-ಹೆನ್ರಿ ಬಂದೂಕಿನ ವ್ಯಾಸವೂ .೪೫೦ ಆಗಿದ್ದುದರಿಂದ, ಆ ಗಾತ್ರದ ಮದ್ದುಗುಂಡು ಬಂಡುಕೋರರ ಕೈಸೇರೀತೆಂಬ ಶಂಕೆಯಿಂದ ಸರ್ಕಾರವು ೧೯೦೭ರ ಸುಮಾರಿಗೆ ಭಾರತಕ್ಕೂ ಸೂಡಾನಿಗೂ ಅದರ ಆಮದನ್ನು ನಿಷೇಧಿಸಿತು. .೪೬೫, .೪೭೦, .೪೭೬ ಮೊದಲಾದವು ಆ ಸ್ಥಾನವನ್ನು ತುಂಬಿದವು. ಹೊಸ ತೋಟಾಗಳಿಗೆ ತಕ್ಕಂತೆ ಹೊಸ ರೈಫಲ್ಲುಗಳನ್ನು ಹದಗೊಳಿಸಬೇಕಾಯಿತು.

ಈ ತೋಟಾಗಳನ್ನು ಒದಗಿಸುತ್ತಿದ್ದ ಬರ್ಮಿಂಗ್‌ಹ್ಯಾಮಿನ ಕೈನಾಕ್ ಕಾರ್ಖಾನೆಯು ೧೯೬೦ರ ದಶಕದಲ್ಲಿ ಅವುಗಳನ್ನು ಒಂದೊಂದಾಗಿ ಕೈಬಿಡತೊಡಗಿತು. ರೈಫಲ್ ಕೆಡದೆ ಉಳಿದಿದ್ದರೂ ಅದರ ಅರ್ಧಾಂಗವೇ ಇಲ್ಲವಾಯಿತು. ಆಗ ಅನೇಕರು ಆಧುನಿಕ ಮದ್ದಿನಿಂದ ತೋಟಾಗಳನ್ನು ಕೈಯಿಂದಲೇ ತುಂಬತೊಡಗಿದರು. ಅವರ ಗುರಿ ಹೆಚ್ಚಿನ ಶಕ್ತಿಯಾಗಿರಲಿಲ್ಲ; ಹಳೆಯ ಗುಂಡಿನ ತೂಕವನ್ನೂ ಹಳೆಯ ವೇಗವನ್ನೂ ಪುನಃ ಪಡೆಯುವುದಾಗಿತ್ತು. ಹೊಸ ಮದ್ದಿನ ತೂಕ ಬೇರೆಯಾದುದರಿಂದ ಹಿನ್ನೊದೆತವೂ ಬೇರೆಯಾಗುತ್ತಿತ್ತು; ವೇಗಮಾಪಕ ಯಂತ್ರದ ಅಂಕಿಯ ಜೊತೆಗೆ ಗುರಿಹಲಗೆಯ ಸಾಕ್ಷ್ಯವೂ ಬೇಕಾಗಿತ್ತು. ೧೯೯೦ರ ದಶಕದಲ್ಲಿ ಕೈನಾಕ್ ಹೆಸರಿನ ತೋಟಾಗಳ ತಯಾರಿಕೆ ಇಂಗ್ಲೆಂಡಿನಲ್ಲಿ ಮತ್ತೆ ಆರಂಭವಾದಾಗಲೂ ಅನುಸರಿಸಬೇಕಾದ ಅಳತೆ ಹಳೆಯದೇ ಆಗಿತ್ತು.

೧೯೭೨ರ ವನ್ಯಜೀವಿ ಸಂರಕ್ಷಣಾ ಅಧಿನಿಯಮ ಹಾಗೂ ೧೯೯೧ರ ತಿದ್ದುಪಡಿಯ ತರುವಾಯ ನಮ್ಮ ದೇಶದಲ್ಲಿ ಬೇಟೆಯ ಯುಗ ಮುಗಿದಿದೆ; ಇಲ್ಲಿ ಉಳಿದಿರುವ ಇಂತಹ ರೈಫಲ್ಲುಗಳು ನಮಗೆ ಆಕರಸಾಮಗ್ರಿ. ಅಂತಹ ಒಂದು ರೈಫಲ್ಲಿನ ಗುಂಡುಗಳು ಚದುರುತ್ತಿದ್ದವೆಂಬ ಹೇಳಿಕೆ ದಾಖಲೆಯಲ್ಲಿ ಕಂಡುಬಂದರೆ, ಕೂಡಲೇ ತಯಾರಕನ ಕೌಶಲವನ್ನು ಹಳಿಯುವುದು ತರವಲ್ಲ. ಆಗ ಬಳಸಿದ ತೋಟಾ ಯಾವುದೆಂದು ಮೊದಲು ಕೇಳಬೇಕು. ಸಾಕ್ಷಿಯನ್ನು ಅದರ ಸನ್ನಿವೇಶದಿಂದ ಕಿತ್ತು ತೀರ್ಪುಕೊಡಬಾರದೆಂಬ ನಮ್ಮ ಶಾಸ್ತ್ರದ ನಿಯಮವು ಕಾಗದಕ್ಕೆ ಸಲ್ಲುವಂತೆಯೇ ಉಕ್ಕಿಗೂ ಸಲ್ಲುತ್ತದೆ.