ಯಂತ್ರದ ಶ್ರುತಿ, ಯಂತ್ರದ ತಾಳ

ಜ್ಞಾನಭಾರತಿಗೆ ಸಮೀಪವಾದ ರಾಜರಾಜೇಶ್ವರಿನಗರದಲ್ಲಿ ಸಂಗೀತಪಾಠ ನಡೆಯುವ ಮನೆಯೊಂದರ ಮುಂದೆ ಸಂಜೆ ಹಾದುಹೋದರೆ, ಶಿಷ್ಯರ ಕಂಠಕ್ಕಿಂತ ಮೊದಲು ಕಿವಿಗೆ ಬೀಳುವುದು ವಿದ್ಯುನ್ಮಾನ ಶ್ರುತಿಪೆಟ್ಟಿಗೆಯ ನಾದ. ಸಿಂತಸೈಜರ್ ಎಂದೊಡನೆ ಚಲನಚಿತ್ರದ ವಾದ್ಯವೃಂದವನ್ನು ನೆನೆಯುವ ನಾವು, ಈ ಪುಟ್ಟ ಪೆಟ್ಟಿಗೆಯೂ ಅದೇ ಕುಲಕ್ಕೆ ಸೇರಿದುದೆಂಬುದನ್ನು ಮರೆಯುತ್ತೇವೆ.

ಇದರ ಹುಟ್ಟಿನಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಎಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ ಅವರು ವಿದ್ಯುನ್ಮಾನ ತಂಬೂರಿಯನ್ನು ರೂಪಿಸಿ, 1979ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯ ವಾರ್ಷಿಕ ಸಮ್ಮೇಳನದಲ್ಲಿ ಪ್ರದರ್ಶಿಸಿದರು. ಅವರ ರಾಡೆಲ್ ಸಂಸ್ಥೆಯಿಂದ ಮುಂದೆ ವಿದ್ಯುನ್ಮಾನ ತಬಲವೂ ಹೊರಬಂದಿತು.

ಸಿಂತಸೈಜರಿನ ಕ್ರಮ ಸರಳವಾದುದು. ವಿದ್ಯುತ್ ಆಂದೋಲಕವೊಂದು ಸ್ವರವನ್ನು ಹುಟ್ಟಿಸುತ್ತದೆ. ಶೋಧಕವು ಬೇಡದ ಉಪಸ್ವರಗಳನ್ನು ತೆಗೆಯುತ್ತದೆ. ವರ್ಧಕವು ನಾದದ ಏರಿಳಿತವನ್ನು ನಿಯಮಿಸುತ್ತದೆ. ತೊಡಕಿರುವುದು ಸ್ವರಸ್ಥಾನದಲ್ಲಿ. ಷಡ್ಜವು ಸೆಕೆಂಡಿಗೆ 200 ಕಂಪನಗಳಾದರೆ ಶುದ್ಧ ಪಂಚಮ 300. ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿದ ಕೀಲಿಮಣೆಯಲ್ಲಿ ಅದು 299.66. ಈ ಅಂತರವನ್ನು ಕಿವಿ ಮನ್ನಿಸೀತು. ಅಂತರಗಾಂಧಾರದ ಮಾತು ಬೇರೆ. ಶುದ್ಧವಾದುದು 250, ಕೀಲಿಮಣೆಯದು ಸುಮಾರು 252. ತಂಬೂರಿಯ ಮಂದ್ರತಂತಿಯಲ್ಲಿ ತಾನಾಗಿ ಕೇಳಿಬರುವ ಗಾಂಧಾರದೊಡನೆ ಇದನ್ನು ಹಿಡಿದರೆ, ಉಪಸ್ವರಗಳು ಪರಸ್ಪರ ಡಿಕ್ಕಿಯಾಡಿ ನಾದವು ನಡುಗುತ್ತದೆ. ಆದಕಾರಣ ವಿವೇಕಿಗಳಾದ ವಾದಕರು ಯಂತ್ರದ ಸ್ವರಸ್ಥಾನಗಳನ್ನು ತಮ್ಮ ಕಿವಿಗೆ ಒಪ್ಪುವಂತೆ ತಿದ್ದಿಕೊಳ್ಳುತ್ತಾರೆ. ಅನೇಕ ಸಿಂತಸೈಜರುಗಳಲ್ಲಿ ಇದಕ್ಕೆ ಅವಕಾಶವುಂಟು.

ಗಮಕದ ವಿಷಯದಲ್ಲಿ ಮುಂಬಯಿಯ ಚರಣಜಿತ್ ಸಿಂಗ್ ಅವರ 1982ರ ಪ್ರಯೋಗ ಗಮನಾರ್ಹ. ಸ್ವರದಿಂದ ಸ್ವರಕ್ಕೆ ಜಾರಬಲ್ಲ ರೋಲೆಂಡ್ ಟಿಬಿ-303 ಯಂತ್ರವನ್ನೂ ಟಿಆರ್-808 ಡ್ರಮ್ ಮಷೀನನ್ನೂ ಬಳಸಿ ಅವರು ಹತ್ತು ರಾಗಗಳನ್ನು ಧ್ವನಿಮುದ್ರಿಸಿದರು. ಅಂದು ಅದನ್ನು ಕೇಳಿದವರು ವಿರಳ. ದಶಕಗಳು ಕಳೆದ ಮೇಲೆ ಹೊರದೇಶದವರು ಅದನ್ನು ಹುಡುಕಿ ತೆಗೆದರು.

ಡ್ರಮ್ ಮಷೀನು ಕಾಲವನ್ನು ಸಾಮಾನ್ಯವಾಗಿ ಹದಿನಾರು ಮನೆಗಳಾಗಿ ವಿಂಗಡಿಸುತ್ತದೆ. ಅಕ್ಷರಕ್ಕೆ ನಾಲ್ಕು ಮಾತ್ರೆಯಾದರೆ, ಅಂತಹ ಎರಡು ಸಾಲುಗಳು ಕೂಡಿ ಆದಿತಾಳದ ಒಂದು ಆವರ್ತವಾಗುತ್ತದೆ. ಮಿಶ್ರಚಾಪುವಿಗೆ ಕೊನೆಯ ಎರಡು ಮನೆಗಳನ್ನು ಬಿಟ್ಟು ಹದಿನಾಲ್ಕನ್ನು ಉಳಿಸಿಕೊಂಡರೆ ಸಾಕು. ಸ್ವರಕಲ್ಪನೆಯ ಲೆಕ್ಕಾಚಾರವನ್ನು ಒಂಟಿಯಾಗಿ ಅಭ್ಯಾಸಮಾಡುವವನಿಗೆ ಇದಕ್ಕಿಂತ ತಾಳ್ಮೆಯ ಜೊತೆಗಾರ ದೊರೆಯಲಾರ. ಆದರೆ ಮೃದಂಗದವನು ಹಾಡುಗಾರನ ಸಂಗತಿಯನ್ನು ಕೇಳಿ ಕೈ ತಗ್ಗಿಸುತ್ತಾನೆ, ಮುಕ್ತಾಯವನ್ನು ಊಹಿಸಿ ಕೂಡಿಕೊಳ್ಳುತ್ತಾನೆ. ತನಗೆ ಒಪ್ಪಿಸಿದ ನಡೆಯನ್ನಷ್ಟೇ ಮರುನುಡಿಯುವ ಯಂತ್ರಕ್ಕೆ ಕಿವಿಯಿಲ್ಲ.

ನಮಗೆ ಹೆಚ್ಚಿನ ಚಿಂತೆಯಿರುವುದು ಶ್ರುತಿಯ ಕಡೆ. ಹಿಂದೆ ಶಿಷ್ಯನು ಪಾಠಕ್ಕೆ ಮುನ್ನ ಪಂಚಮ, ಸಾರಣೆ, ಅನುಸಾರಣೆ, ಮಂದ್ರಗಳನ್ನು ಬಿರಡೆ ತಿರುಗಿಸಿ ಕೂಡಿಸುತ್ತಿದ್ದ. ಕುದುರೆಯ ಮೇಲಿನ ಜೀವಾಳಿಯ ನೂಲನ್ನು ಕೂದಲೆಳೆಯಷ್ಟು ಸರಿಸಿ, ನಾದ ಅರಳುವ ಗಳಿಗೆಗಾಗಿ ಕಾಯುತ್ತಿದ್ದ. ಕಿವಿಯ ಮೊದಲ ಪಾಠ ಅದೇ ಆಗಿತ್ತು. ಗುಂಡಿ ತಿರುಗಿಸಿದರೆ ಸಿದ್ಧವಾಗುವ ಶ್ರುತಿಯು ಆ ಪಾಠವನ್ನು ಕಸಿದುಕೊಂಡಿದೆ. ಪೆಟ್ಟಿಗೆಯನ್ನು ಬಹಿಷ್ಕರಿಸೆಂದು ನಾವು ಹೇಳುವುದಿಲ್ಲ. ಕಿರಿದಾದ ಮನೆಗಳಲ್ಲಿ ತಂಬೂರಿಯನ್ನು ಇಡುವುದಕ್ಕೂ ಸ್ಥಳವಿರದು. ವಾರಕ್ಕೊಮ್ಮೆಯಾದರೂ ಅದನ್ನು ನಿಲ್ಲಿಸಿ, ಕಾಲೇಜಿನ ತಂಬೂರಿಯನ್ನು ವಿದ್ಯಾರ್ಥಿಯ ಕೈಗಿತ್ತು, ಶ್ರುತಿ ಕೂಡುವವರೆಗೂ ಅಧ್ಯಾಪಕರು ಮೌನವಾಗಿ ಕುಳಿತಿರಬಹುದು.